ಮನೆಪಾಠಕ್ಕೊಬ್ಬ ಪ್ರತಿವಾದಿ

ತರ್ಕವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಜನರಲ್ಲಿ ಎರಡು ಬಗೆಯ ಭಾವನೆ ಹುಟ್ಟುತ್ತದೆ. ಅದು ಪಂಡಿತರ ಸೊತ್ತು, ನಮಗೆ ನಿಲುಕುವಂಥದಲ್ಲ ಎಂಬ ಅಂಜಿಕೆ ಒಂದು. ಮೊಂಡುವಾದಕ್ಕೆ ಇಟ್ಟ ದೊಡ್ಡ ಹೆಸರೇ ತರ್ಕ ಎಂಬ ತಾತ್ಸಾರ ಇನ್ನೊಂದು. ‘ತರ್ಕ ಮಾಡಬೇಡ, ಹೇಳಿದಷ್ಟು ಕೇಳು’ ಎಂಬ ಗದರಿಕೆಯನ್ನು ಕೇಳದೆ ಬೆಳೆದ ಮಗು ನಮ್ಮಲ್ಲಿ ವಿರಳ. ಹೀಗಿರುವಾಗ ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನ ಮಕ್ಕಳಿಗೆ, ಅದರಲ್ಲಿಯೂ ಶಾಲೆಗೆ ಹೋಗದೆ ಮನೆಯಲ್ಲಿಯೇ ಕಲಿಯುವ ಮಕ್ಕಳಿಗೆ, ತರ್ಕವನ್ನು ಕ್ರಮವಾಗಿ ಕಲಿಸಬೇಕು, ಅದಕ್ಕೊಂದು ಪಠ್ಯಕ್ರಮವನ್ನು ಆರಿಸಬೇಕು ಎಂದರೆ ಹಲವರಿಗೆ ವಿಚಿತ್ರವೆನಿಸೀತು. ಆದರೂ ಆ ಪ್ರಶ್ನೆಯನ್ನು ಎತ್ತಿಕೊಳ್ಳಬೇಕಾದ ಕಾಲ ಬಂದಿದೆ.

ಮನೆಯನ್ನೇ ಶಾಲೆಯಾಗಿಸಿಕೊಂಡ ಕುಟುಂಬಗಳು ಮೊದಲೂ ಇದ್ದವು. ೧೯೮೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಗಳನ್ನು ಆಶ್ರಯಿಸಿ ಅಂಥ ಮಕ್ಕಳು ಮುಂದೆ ಬಂದಿದ್ದಾರೆ. ಆದರೆ ೨೦೨೦ರ ಮಾರ್ಚಿನಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳು ಬಾಗಿಲಿಕ್ಕಿದಾಗ ನಾಡಿನ ಪ್ರತಿಯೊಂದು ಮನೆಯೂ ಬಯಸದೆಯೇ ಪಾಠಶಾಲೆಯಾಯಿತು. ಆ ವರ್ಷದ ಆಗಸ್ಟಿನಲ್ಲಿ ಸರಕಾರ ಆರಂಭಿಸಿದ ವಿದ್ಯಾಗಮ ಯೋಜನೆಯಲ್ಲಿ ಅಧ್ಯಾಪಕರು ಗುಡಿಯ ಜಗಲಿ, ಮರದ ನೆರಳು, ಸಮುದಾಯ ಭವನಗಳಲ್ಲಿ ಮಕ್ಕಳನ್ನು ಕೂಡಿಸಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ತಡೆಹಿಡಿಯಲ್ಪಟ್ಟಿತು. ಲೆಕ್ಕವನ್ನೂ ವ್ಯಾಕರಣವನ್ನೂ ಮನೆಯಲ್ಲಿ ಹೇಗೋ ಹೇಳಿಕೊಡಬಹುದು. ವಿಚಾರಮಾಡುವುದನ್ನು ಹೇಳಿಕೊಡುವುದು ಹೇಗೆ ಎಂಬ ಪ್ರಶ್ನೆ ಆಗ ಅನೇಕ ತಂದೆತಾಯಿಗಳಿಗೆ ಎದುರಾಯಿತು. ಶಾಲೆಗಳು ತೆರೆದವು, ಪ್ರಶ್ನೆ ಹಾಗೆಯೇ ಉಳಿಯಿತು.

ಶಾಲೆಗಳಲ್ಲಿಯಾದರೂ ಅದಕ್ಕೆ ಉತ್ತರವಿದೆಯೇ? ನಮ್ಮ ರಾಜ್ಯದ ಕ್ರಮದಲ್ಲಿ ತರ್ಕಶಾಸ್ತ್ರ ಹೆಸರಿಟ್ಟುಕೊಂಡು ಕಾಣಿಸಿಕೊಳ್ಳುವುದು ಪದವಿಪೂರ್ವ ತರಗತಿಯಲ್ಲಿ. ಅಲ್ಲಿಯೂ ಐಚ್ಛಿಕ ವಿಷಯವಾಗಿ, ಕೆಲವೇ ಕಾಲೇಜುಗಳಲ್ಲಿ. ವಾದಿಸುವ ಹುಮ್ಮಸ್ಸು ಹನ್ನೆರಡನೆಯ ವಯಸ್ಸಿಗೆ ಚಿಗುರುತ್ತದೆ. ಅದಕ್ಕೆ ಆಸರೆಯ ಕೋಲು ದೊರೆಯುವುದು ಹದಿನಾರಕ್ಕೆ! ಆಂಗ್ಲ ಲೇಖಕಿ ಡೊರೊಥಿ ಸೇಯರ್ಸ್ ೧೯೪೭ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಈ ಎಳೆಯ ಹುಮ್ಮಸ್ಸನ್ನೇ ಗುರುತಿಸಿ, ಹಿರಿಯರ ಮಾತಿಗೆ ಎದುರುನುಡಿಯುವ ವಯಸ್ಸೇ ತರ್ಕಾಭ್ಯಾಸಕ್ಕೆ ತಕ್ಕ ವಯಸ್ಸೆಂದು ವಾದಿಸಿದರು. ಅಮೆರಿಕದಲ್ಲಿ ಮನೆಯಲ್ಲಿ ಕಲಿಸುವ ಅನೇಕ ಕುಟುಂಬಗಳು ಆ ಮಾತನ್ನು ಮನ್ನಿಸಿವೆ. ಅವರಿಗಾಗಿ ಪುಸ್ತಕಗಳೂ ಹುಟ್ಟಿಕೊಂಡಿವೆ. ಅಂತರ್ಜಾಲದ ಅಂಗಡಿಯಲ್ಲಿ ಅವು ನಮಗೂ ಸಿಗುತ್ತವೆ.

ಈ ಪುಸ್ತಕಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಒಂದು ಬಗೆಯದು ದೋಷಗಳ ಪಟ್ಟಿ: ಬ್ಲೂಡಾರ್ನ್ ಸಹೋದರರ ‘ದಿ ಫ್ಯಾಲಸಿ ಡಿಟೆಕ್ಟಿವ್’ ಇದಕ್ಕೆ ಪ್ರಸಿದ್ಧ ಉದಾಹರಣೆ. ಎರಡನೆಯದು ಅರಿಸ್ಟಾಟಲನ ಕ್ರಮದ ಔಪಚಾರಿಕ ತರ್ಕ. ಮಾರ್ಟಿನ್ ಕಾಥ್ರನ್ನರ ‘ಟ್ರೆಡಿಷನಲ್ ಲಾಜಿಕ್’ ಈ ವರ್ಗದ್ದು. ಮೂರನೆಯದು ಕಥೆಯ ರೂಪದ್ದು: ಮ್ಯಾಥ್ಯೂ ಲಿಪ್‌ಮನ್ ಬರೆದ ‘ಹ್ಯಾರಿ ಸ್ಟಾಟಲ್‌ಮಿಯರ್ಸ್ ಡಿಸ್ಕವರಿ’. ಗ್ರಹಗಳೆಲ್ಲ ಸೂರ್ಯನನ್ನು ಸುತ್ತುತ್ತವೆ ಎಂಬ ವಾಕ್ಯವನ್ನು ತಿರುಗಿಸಿ, ಸೂರ್ಯನನ್ನು ಸುತ್ತುವುದೆಲ್ಲ ಗ್ರಹ ಎಂದುಬಿಟ್ಟ ಹುಡುಗ ಧೂಮಕೇತುವಿನ ವಿಷಯದಲ್ಲಿ ಎಡವುತ್ತಾನೆ. ಆ ಎಡವಿನಿಂದಲೇ ಗೆಳೆಯರೊಡನೆ ಕೂಡಿ ಒಂದು ನಿಯಮವನ್ನು ಕಂಡುಕೊಳ್ಳುತ್ತಾನೆ. ಮೂರರಲ್ಲಿಯೂ ಗುಣವುಂಟು. ಆದರೆ ಮನೆಯಲ್ಲಿ ಕಲಿಯುವ ಮಗುವಿಗೆ ಯಾವುದನ್ನು ಕೊಡಬೇಕೆಂದು ತೂಗುವಾಗ, ಆ ಮಗುವಿಗೆ ಇಲ್ಲದಿರುವುದೇನು ಎಂಬುದನ್ನು ಮೊದಲು ವಿಚಾರಿಸುವುದು ಉಚಿತ.

ಅದಕ್ಕೆ ಇಲ್ಲದಿರುವುದು ಪ್ರತಿವಾದಿ. ತರಗತಿಯಲ್ಲಿ ಪಕ್ಕದ ಬೆಂಚಿನ ಹುಡುಗಿ ‘ಅದು ಹಾಗಲ್ಲ’ ಎನ್ನುತ್ತಾಳೆ, ಮನೆಯಲ್ಲಿ ಹಾಗೆನ್ನುವವರಿಲ್ಲ. ತಾಯಿ ಹೇಳಿದ್ದು ಪಾಠ, ತಂದೆ ಹೇಳಿದ್ದು ತೀರ್ಪು. ನಮ್ಮ ಹಿಂದಿನವರು ಈ ಕೊರತೆಯ ಅರ್ಥವನ್ನು ಬಲ್ಲವರಾಗಿದ್ದರು. ಆಲಮೇಲದ ನೆರೆಯ ಇಂಡಿ ಸೀಮೆಯ ಸಾಲೋಟಗಿಯಲ್ಲಿ ಕ್ರಿ.ಶ. ೯೪೫ರ ಶಾಸನವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಗೆ ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬಂದು ಸೇರುತ್ತಿದ್ದರೆಂದೂ ಅವರ ವಾಸಕ್ಕೆ ೨೭ ಮನೆಗಳಿದ್ದುವೆಂದೂ ಅದರಿಂದ ತಿಳಿಯುತ್ತದೆ. ಕಲಬುರಗಿ ಸೀಮೆಯ ನಾಗಾವಿಯ ೧೦೫೮ರ ಶಾಸನ ಇನ್ನೂ ಸ್ವಾರಸ್ಯವಾದದ್ದು. ಅಲ್ಲಿಯ ಘಟಿಕಾಸ್ಥಾನದಲ್ಲಿ ಭಾಟ್ಟ ದರ್ಶನಕ್ಕೂ ಅಧ್ಯಾಪಕನಿದ್ದ, ಪ್ರಾಭಾಕರ ದರ್ಶನಕ್ಕೂ ಅಧ್ಯಾಪಕನಿದ್ದ. ಇವೆರಡೂ ಮೀಮಾಂಸೆಯೊಳಗೆ ಪರಸ್ಪರ ಖಂಡಿಸುವ ಪಂಥಗಳು! ಒಂದೇ ಸೂರಿನಡಿ ವಿದ್ಯಾರ್ಥಿಗೆ ಎರಡು ಪಕ್ಷಗಳನ್ನೂ ಕೇಳುವ ಅನುಕೂಲವಿತ್ತು. ನಮ್ಮ ಮನೆಪಾಠದ ಪಠ್ಯಕ್ರಮಕ್ಕೆ ಇದೇ ಮೊದಲನೆಯ ಒರೆಗಲ್ಲಾಗಬೇಕು: ಇದು ಎರಡನೆಯ ದನಿಯನ್ನು ಮನೆಯೊಳಕ್ಕೆ ತರುತ್ತದೆಯೇ?

ದೋಷಗಳ ಪಟ್ಟಿಯಿಂದ ಆರಂಭಿಸುವ ಪುಸ್ತಕ ಈ ಒರೆಗೆ ನಿಲ್ಲದು. ಒಂಟಿಯಾಗಿ ಕಲಿಯುವ ಮಗುವಿನ ಕೈಗೆ ಅಂಥ ಪಟ್ಟಿ ಸಿಕ್ಕರೆ ಅದು ಕಲಿಯುವುದು ಪರರ ಮಾತಿನಲ್ಲಿ ಹುಳುಕು ಹುಡುಕುವುದನ್ನು. ಗೌತಮನ ನ್ಯಾಯಸೂತ್ರ ಎಣಿಸುವ ಹದಿನಾರು ಪದಾರ್ಥಗಳ ಕ್ರಮವನ್ನು ನೋಡಬಹುದು. ಮೊದಲು ಪ್ರಮಾಣ, ಮೂರನೆಯದು ಸಂಶಯ, ಐದನೆಯದು ದೃಷ್ಟಾಂತ, ಏಳನೆಯದು ಅವಯವ, ಎಂದರೆ ಅನುಮಾನವಾಕ್ಯದ ಅಂಗಗಳು, ಹತ್ತನೆಯದು ವಾದ. ಹೇತ್ವಾಭಾಸದ ಸರದಿ ಬರುವುದು ಹದಿಮೂರನೆಯದಾಗಿ. ಸಂದೇಹಪಡಲು, ದೃಷ್ಟಾಂತ ಕೊಡಲು, ಕಾರಣ ಕಟ್ಟಲು, ಇನ್ನೊಬ್ಬರೊಡನೆ ಕುಳಿತು ಚರ್ಚಿಸಲು ಕಲಿತವನಿಗೆ ಮಾತ್ರ ದೋಷಗಳ ಹೆಸರಿನಿಂದ ಪ್ರಯೋಜನವುಂಟು ಎಂದು ಈ ಕ್ರಮವನ್ನು ನಾವು ಅರ್ಥೈಸಿದರೆ ತಪ್ಪಾಗಲಾರದು.

ಹಾಗೆಂದು ಪ್ರಾಚೀನ ಗ್ರಂಥವನ್ನೇ ಮಗುವಿನ ಕೈಗಿಡಬೇಕೆಂದು ನಮ್ಮ ಅಭಿಪ್ರಾಯವಲ್ಲ. ಹದಿನೇಳನೆಯ ಶತಮಾನದ ಅನ್ನಂಭಟ್ಟನು ತನ್ನ ತರ್ಕಸಂಗ್ರಹವನ್ನು ಬಾಲರಿಗೆ ಸುಲಭವಾಗಿ ತಿಳಿಯಲೆಂದು ಬರೆದುದೇನೋ ನಿಜ. ಆದರೆ ಅವನ ಬಾಲರು ಸಂಸ್ಕೃತ ಬಲ್ಲವರು. ಗ್ರಂಥ ಆರಂಭವಾಗುವುದು ಏಳು ಪದಾರ್ಥಗಳ ವಿಭಾಗದಿಂದ. ಇಂದಿನ ಹನ್ನೆರಡರ ಹುಡುಗನಿಗೆ ಅದು ಬಾಯಿಪಾಠವಾದೀತೇ ಹೊರತು ವಿಚಾರವಾಗದು. ಅದರಿಂದ ಎತ್ತಿಕೊಳ್ಳಬೇಕಾದದ್ದು ಐದು ಅಂಗಗಳ ಅನುಮಾನವಾಕ್ಯವನ್ನು. ಗುಡ್ಡದ ಮೇಲೆ ಬೆಂಕಿಯಿದೆ, ಹೊಗೆಯಿರುವುದರಿಂದ, ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ, ಅಡಿಗೆಮನೆಯಲ್ಲಿರುವಂತೆ, ಈ ಗುಡ್ಡದಲ್ಲಿಯೂ ಅಂಥ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ. ಅರಿಸ್ಟಾಟಲನ ಮೂರು ವಾಕ್ಯಗಳ ಕ್ರಮದಲ್ಲಿ ಇಲ್ಲದ ‘ಅಡಿಗೆಮನೆ’ ಇಲ್ಲಿದೆ. ಕಣ್ಣಾರೆ ಕಂಡ ನಿದರ್ಶನವೊಂದನ್ನು ಕೊಡದೆ ಮುಂದೆ ಹೋಗುವಂತಿಲ್ಲ. ಎಳೆಯ ಮನಸ್ಸಿಗೆ ಒಗ್ಗುವ ಕಟ್ಟಳೆ ಇದು.

ಪ್ರತಿವಾದಿಯನ್ನು ಎಲ್ಲಿಂದ ತರುವುದು? ಆಲಮೇಲ, ಇಂಡಿ, ಸಿಂದಗಿಗಳ ಸೀಮೆಯವರು ಈ ಪ್ರಶ್ನೆಗೆ ದೂರ ಹೋಗಬೇಕಾಗಿಲ್ಲ. ದಪ್ಪು, ತುಂತುಣಿ, ತಾಳಗಳೊಡನೆ ರಾತ್ರಿಯೆಲ್ಲ ನಡೆಯುವ ಗೀಗೀ ಮೇಳದಲ್ಲಿ ಹರದೇಶಿಯವರು ಗಂಡು ಹೆಚ್ಚೆಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡುತ್ತಾರೆ. ಒಂದು ಮೇಳದ ಸವಾಲಿಗೆ ಇನ್ನೊಂದರ ಜವಾಬು ಸಿದ್ಧವಾಗಬೇಕು. ಎದುರು ಮೇಳ ಏನು ಹೇಳಿತೆಂಬುದನ್ನು ಕಿವಿಗೊಟ್ಟು ಕೇಳದವನಿಗೆ ಜವಾಬು ಕಟ್ಟಲು ಬಾರದು. ಓದುಬರಹ ಬಾರದ ಶ್ರೋತೃವೂ ಯಾರ ಉತ್ತರ ಪ್ರಶ್ನೆಗೆ ತಾಗಿತು, ಯಾರದು ಜಾರಿತು ಎಂದು ಬೆಳಗಿನ ಜಾವಕ್ಕೆ ಹೇಳಬಲ್ಲ. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ತಂದು ಈ ನೆಲದ ಬಾಯ ಮಾತಿಗೆ ಪುಸ್ತಕದ ಗೌರವ ತಂದುಕೊಟ್ಟರು. ಸವಾಲು ಜವಾಬುಗಳಿಂದ ಮಕ್ಕಳಿಗೆ ತಕ್ಕವನ್ನು ಆಯ್ದು ಒಂದು ಪಾಠಮಾಲೆ ಮಾಡುವುದು ನಮ್ಮ ಅಧ್ಯಾಪಕರ ಕೈಗೆ ನಿಲುಕುವ ಕೆಲಸ.

ಆದರೆ ಒಂದು ಎಚ್ಚರಿಕೆ ಅವಶ್ಯ. ಸತ್ಯವನ್ನು ತಿಳಿಯಲೆಂದು ನಡೆಸುವುದು ವಾದ, ಗೆಲ್ಲಲೆಂದು ನಡೆಸುವುದು ಜಲ್ಪ, ತನ್ನದೊಂದು ಪಕ್ಷವಿಲ್ಲದೆ ಎದುರಿನದನ್ನು ಕೆಡಹುವುದು ವಿತಂಡ ಎಂದು ನೈಯಾಯಿಕರು ವಿಂಗಡಿಸಿದ್ದಾರೆ. ಮೇಳದ ಹಾಡು ರಸಕ್ಕಾಗಿ, ಗೆಲವಿಗಾಗಿ ಕಟ್ಟಿದ್ದು. ಆದ್ದರಿಂದ ಅದು ಜಲ್ಪದ ಕಡೆಗೆ ವಾಲುತ್ತದೆ. ಮನೆಯಲ್ಲಿ ಅದನ್ನು ವಾದವಾಗಿಸಲು ಎರಡು ನಿಯಮಗಳು ಸಾಕು. ಎದುರಾಳಿಯ ಮಾತನ್ನು ಎದುರಾಳಿಯೇ ಒಪ್ಪುವಂತೆ ಮೊದಲು ಹೇಳಿತೋರಿಸಬೇಕು. ನಮ್ಮವರು ಪೂರ್ವಪಕ್ಷವೆಂದದ್ದು ಇದನ್ನೇ. ವಾರಕ್ಕೊಮ್ಮೆ ಪಕ್ಷಗಳನ್ನು ಅದಲುಬದಲು ಮಾಡಬೇಕು. ನೆರೆಮನೆಯ ಇಬ್ಬರು ಮಕ್ಕಳು ಸೇರಿದರಂತೂ ಇನ್ನೂ ಉತ್ತಮ.

ಇನ್ನು ಪಾಠದ ಸಾಮಗ್ರಿ. ಅದು ಮಗು ಜಗಳವಾಡುವ ಭಾಷೆಯಲ್ಲಿ, ಮಗು ಕಂಡ ಲೋಕದಿಂದ ಬರಬೇಕು. ಅಮೆರಿಕದ ಜಾಹೀರಾತಿನ ತಪ್ಪನ್ನು ಗುರುತಿಸಲು ಕಲಿತ ಹುಡುಗ ತನ್ನೂರಿನ ಸಂತೆಯ ಮಾತಿನಲ್ಲಿ ಅದೇ ತಪ್ಪನ್ನು ಗುರುತಿಸುವನೆಂಬ ಭರವಸೆಯಿಲ್ಲ. ಒಂದು ನಿದರ್ಶನ ಕೊಡೋಣ. ಮಳೆ ಚೆನ್ನಾಗಿ ಆದರೆ ಭೀಮೆ ತುಂಬುತ್ತಾಳೆ. ಭೀಮೆ ತುಂಬಿದ್ದಾಳೆ, ಆದ್ದರಿಂದ ಮಳೆಯಾಗಿದೆ. ಸರಿಯೇ? ದೇವಣಗಾಂವದ ಸೇತುವೆಯ ಮೇಲೆ ನಿಂತು ನೋಡಿದ ಮಗು ಇದಕ್ಕೆ ಉತ್ತರ ಹೇಳಬಲ್ಲದು. ಇಲ್ಲಿ ಮೋಡವೇ ಇಲ್ಲದ ದಿನವೂ ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ೨೦೨೦ರ ಅಕ್ಟೋಬರಿನ ಮಹಾಪೂರದಲ್ಲಿ ಇಲ್ಲಿಯ ಮಳೆ, ಮೇಲಿನ ಮಳೆ, ಜಲಾಶಯದ ನೀರು ಮೂರೂ ಕೂಡಿದ್ದುವು. ಆಶ್ಚರ್ಯದ ಸಂಗತಿಯೆಂದರೆ, ತುಂಬಿದ ಹೊಳೆಯಿಂದ ಮಳೆಯನ್ನು ಊಹಿಸುವ ಉದಾಹರಣೆ ನ್ಯಾಯಸೂತ್ರದ ಪರಂಪರೆಯಲ್ಲಿಯೇ ಇದೆ. ನೀರಿಗೆ ಅಡ್ಡಗಟ್ಟಿದರೂ ಹೊಳೆ ಉಬ್ಬಬಹುದಲ್ಲ ಎಂಬ ಆಕ್ಷೇಪವೂ ಅಲ್ಲಿಯೇ ಇದೆ. ಅದಕ್ಕೆ ಭಾಷ್ಯಕಾರನ ಸಮಾಧಾನ: ಬರಿಯ ಉಬ್ಬರವನ್ನಲ್ಲ, ಸೆಳವಿನ ವೇಗ, ನೊರೆ, ತೇಲಿಬರುವ ಎಲೆ ಕಟ್ಟಿಗೆಗಳನ್ನು ಕೂಡಿ ನೋಡಿ ನಿರ್ಣಯಿಸಬೇಕು. ಆಕ್ಷೇಪ ಬಂದುದರಿಂದ ಅನುಮಾನ ಬಿದ್ದುಹೋಗಲಿಲ್ಲ; ಇನ್ನಷ್ಟು ಸೂಕ್ಷ್ಮವಾಯಿತು. ಹನ್ನೆರಡು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದು?

ಇಷ್ಟಾದ ಮೇಲೆ ವರ್ಷಗಳ ಕ್ರಮವನ್ನು ಸೂಚಿಸುವುದು ಕಷ್ಟವಲ್ಲ. ಹನ್ನೊಂದಕ್ಕೆ ಪೂರ್ವಪಕ್ಷ ಹೇಳುವ ಅಭ್ಯಾಸ, ಸವಾಲು ಜವಾಬು. ಲಿಪ್‌ಮನ್ನರ ಬಗೆಯ ಕಥೆಗಳನ್ನು ಕನ್ನಡದಲ್ಲಿ ಹೇಳಬಹುದು. ಹನ್ನೆರಡಕ್ಕೆ ಐದು ಅಂಗದ ಅನುಮಾನ. ಪ್ರತಿಯೊಂದಕ್ಕೂ ಸ್ವಂತ ದೃಷ್ಟಾಂತ, ಹಾಗೆಯೇ ಅದನ್ನು ಮುರಿಯುವ ಪ್ರತಿದೃಷ್ಟಾಂತ. ಹದಿಮೂರಕ್ಕೆ ‘ಎಲ್ಲ’, ‘ಕೆಲವು’, ‘ಯಾವುದೂ ಅಲ್ಲ’ ಎಂಬ ಮಾತುಗಳ ತೂಕ, ರೇಖಾಗಣಿತದ ಸಾಧನೆಗಳು. ಔಪಚಾರಿಕ ಪುಸ್ತಕ ಬೇಕಾದವರು ಆಗ ತರಿಸಿಕೊಳ್ಳಲಿ. ಹದಿನಾಲ್ಕಕ್ಕೆ ದೋಷಗಳು, ಅವನ್ನು ಮಗು ಮೊದಲು ತನ್ನದೇ ಹಳೆಯ ಬರಹದಲ್ಲಿ, ಆಮೇಲೆ ಪತ್ರಿಕೆಯಲ್ಲಿ, ಮೊಬೈಲಿಗೆ ಬಂದುಬೀಳುವ ಸುದ್ದಿಗಳಲ್ಲಿ ಹುಡುಕಲಿ.

ಕೊನೆಗೆ ಯಾವ ಪುಸ್ತಕವೂ ತೀರಿಸಲಾರದ ಒಂದು ತೊಡಕು ಉಳಿಯುತ್ತದೆ. ಮನೆಪಾಠದಲ್ಲಿ ಗುರುವೂ ಹಿರಿಯರೂ ಒಬ್ಬರೇ. ಹೆಣ್ಣುಮಗು ಒಂದು ದಿನ ಸರಿಯಾದ ಹೇತುವಿನೊಡನೆ, ಸರಿಯಾದ ದೃಷ್ಟಾಂತದೊಡನೆ, ‘ಅಣ್ಣನಿಗೆ ಸಲ್ಲುವುದು ನನಗೇಕೆ ಸಲ್ಲದು?’ ಎಂದು ಕೇಳುತ್ತದೆ. ಬಸವಣ್ಣನವರು ಬಾಲ್ಯದಲ್ಲಿ ಅಕ್ಕನ ಪರವಾಗಿ ಇಂಥದೇ ಪ್ರಶ್ನೆ ಕೇಳಿದರೆಂದು ಬಾಗೇವಾಡಿಯ ನಾಡು ಐತಿಹ್ಯವಾಗಿ ಹೇಳಿಕೊಳ್ಳುತ್ತದೆ. ಅದನ್ನು ಹೆಮ್ಮೆಯಿಂದ ಹೇಳುವ ಮನೆ ತನ್ನ ಮಗುವಿನ ಬಾಯಿಂದ ಅದೇ ಪ್ರಶ್ನೆ ಬಂದಾಗ ಏನು ಮಾಡುತ್ತದೆ? ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯಲ್ಲಿ ಅಲ್ಲಮನು ಮಹಾಮನೆಯ ಬಾಗಿಲಿಗೆ ಬಂದು ಆ ಮನೆಯ ಒಡೆಯನಾದ ಬಸವಣ್ಣನನ್ನೇ ಪ್ರಶ್ನೆಗೆ ಗುರಿಮಾಡುತ್ತಾನೆ. ಒಡೆಯ ಮುನಿಯುವುದಿಲ್ಲ, ಉತ್ತರ ಕೊಡುತ್ತಾನೆ, ತಿದ್ದಿಕೊಳ್ಳುತ್ತಾನೆ.

ಆದ್ದರಿಂದ ತರ್ಕದ ಪಠ್ಯಕ್ರಮವನ್ನು ಆರಿಸಲು ಹೊರಟ ತಂದೆತಾಯಿಗಳು ಪುಸ್ತಕದ ಬೆಲೆ, ಪುಟಗಳನ್ನು ವಿಚಾರಿಸುವ ಮುನ್ನ ಒಂದನ್ನು ನಿಶ್ಚಯಿಸಿಕೊಳ್ಳಲಿ: ಮಗುವಿನ ಕಾರಣ ಗಟ್ಟಿಯಾಗಿದ್ದ ದಿನ, ಮನೆಯ ಒಂದು ಕಟ್ಟಳೆಯನ್ನಾದರೂ ಬದಲಿಸಲು ನಾವು ಸಿದ್ಧರೇ? ಸಿದ್ಧರಾಗಿದ್ದರೆ ಸಾಧಾರಣ ಪುಸ್ತಕದಿಂದಲೂ ಕೆಲಸ ನಡೆದೀತು. ಸಿದ್ಧರಿಲ್ಲದಿದ್ದರೆ ಎಷ್ಟು ಒಳ್ಳೆಯ ಪುಸ್ತಕ ತಂದರೂ ಮಗು ಅದರಿಂದ ಕಲಿಯುವುದು ಒಂದೇ: ವಿಚಾರ ಪಾಠದ ಹೊತ್ತಿನಲ್ಲಿ ಮಾತ್ರ ಮಾಡತಕ್ಕದ್ದು ಎಂಬುದನ್ನು.