ಆಟಕ್ಕುಂಟು, ಲೆಕ್ಕಕ್ಕಿಲ್ಲ

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ತುಮಕೂರಿನ ಶಿರಾ ಗೇಟಿನಲ್ಲಿ ನಿಂತರೆ ಎರಡು ಗುಂಪು ಕಾಣುತ್ತವೆ. ವಸಂತನರಸಾಪುರದ ಫ್ಯಾಕ್ಟರಿಗಳಿಗೆ ಹೋಗುವ ಬಸ್ಸಿಗೆ ಕಾಯುವವರು ಒಂದು ಗುಂಪು. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಊಟದ ಡಬ್ಬಿ. ಅವರ ಪಕ್ಕದಲ್ಲೇ, ಅವರದೇ ವಯಸ್ಸಿನ ನನ್ನ ವಿದ್ಯಾರ್ಥಿಗಳು. ಎಂ.ಎಸ್.ಡಬ್ಲ್ಯೂ. ಓದುವವರು, ಫೀಲ್ಡ್ ವರ್ಕಿಗೆ ಹೊರಟವರು. ಒಬ್ಬರು ದುಡಿಯಲು ಹೋಗುತ್ತಾರೆ, ಇನ್ನೊಬ್ಬರು ಆ ದುಡಿಮೆಯನ್ನು ಅಧ್ಯಯನ ಮಾಡಲು.

ಎರಡು ವರ್ಷದ ಹಿಂದೆ ನನ್ನ ವಿದ್ಯಾರ್ಥಿಯೊಬ್ಬ ಗುತ್ತಿಗೆ ಕಾರ್ಮಿಕರ ಬಗ್ಗೆ ಪ್ರಶ್ನಾವಳಿ ಮಾಡಿಕೊಂಡು ಹೋಗಿದ್ದ. ಎಷ್ಟು ವರ್ಷದಿಂದ ಕೆಲಸ? ನೇಮಕಾತಿ ಪತ್ರ ಇದೆಯೆ? ವರ್ಷದಲ್ಲಿ ಎಷ್ಟು ತಿಂಗಳು ಸಂಬಳ? ಪಿಎಫ್, ಇಎಸ್‌ಐ ಇದೆಯೆ? ವಾರದ ಕೊನೆಗೆ ವರದಿ ತೋರಿಸುವಾಗ ಆ ಹುಡುಗ ತಲೆ ಕೆರೆದುಕೊಂಡು ಕೇಳಿದ: "ಮೇಡಂ, ಬೇಜಾರ್ ಮಾಡ್ಕೋಬೇಡಿ. ನಿಮ್ಗೂ ಪಿಎಫ್ ಕಟ್ ಮಾಡ್ತಾರಾ?"

ಅವನು ಮಾತಾಡಿಸಿದ್ದ ಕಾರ್ಮಿಕನಿಗೆ ಪಿಎಫ್ ಇತ್ತು, ಇಎಸ್‌ಐ ಇತ್ತು, ಹನ್ನೆರಡು ತಿಂಗಳು ಸಂಬಳವಿತ್ತು. ಅದೇ ಪ್ರಶ್ನಾವಳಿಯನ್ನು ನಾನು ತುಂಬಿದ್ದರೆ ಮೊದಲನೆಯದನ್ನು ಬಿಟ್ಟು ಉಳಿದೆಲ್ಲಕ್ಕೂ 'ಇಲ್ಲ' ಅಥವಾ 'ಸರಿಯಾಗಿ ಹೇಳಲಾಗದು' ಎಂದು ಬರೆಯಬೇಕಿತ್ತು. ಒಂಬತ್ತು ವರ್ಷದಿಂದ ಎರಡು ಕಡೆ ಪಾಠ ಮಾಡಿದ್ದೇನೆ. ವಿಶ್ವವಿದ್ಯಾಲಯಗಳ ಹೆಸರು ಬರೆಯುವುದಿಲ್ಲ. ಬರೆದರೆ ಓದುಗರು 'ಓ, ಅಲ್ಲಿ ಹಾಗಂತೆ' ಎಂದು ಸಮಾಧಾನ ಮಾಡಿಕೊಂಡುಬಿಡುತ್ತಾರೆ.

ಆದರೆ ಈ ಬರಹ ನನ್ನ ಸಂಬಳದ ಗೋಳಿನದ್ದಲ್ಲ. ಅದನ್ನು ಎಲ್ಲರೂ ಕೇಳಿದ್ದಾರೆ, ಕೇಳಿ ಅಯ್ಯೋ ಪಾಪ ಎಂದಿದ್ದಾರೆ. ನನ್ನ ತಕರಾರು ಬೇರೆ. ಗಂಟೆಗಿಷ್ಟು ಎಂದು ಕೂಲಿ ಕೊಟ್ಟು ಸಮಾಜಕಾರ್ಯ ಕಲಿಸಲು ಸಾಧ್ಯವೇ ಇಲ್ಲ. ಕಲಿಸುತ್ತಿದ್ದೇವೆ ಎಂದು ತೋರಿಸಿಕೊಳ್ಳುವುದು ವಿದ್ಯಾರ್ಥಿಗಳಿಗೆ ಮಾಡುವ ಮೋಸ, ಆ ಮೋಸದಲ್ಲಿ ನನ್ನ ಪಾಲೂ ಇದೆ.

ಈ ವಿಷಯದ ಪರಿಚಯವಿಲ್ಲದವರಿಗೆ ಒಂದು ಮಾತು. 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಶಾಲೆ ಶುರುವಾದಾಗ ಈ ದೇಶಕ್ಕೆ ಸಮಾಜಕಾರ್ಯ ಒಂದು ಓದಾಗಿ ಬಂತು. ಅದೇ ಇವತ್ತಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ನಮ್ಮ ರಾಜ್ಯದಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಬಂತು. ಆಮೇಲೆ ಒಂದೊಂದೇ ವಿಶ್ವವಿದ್ಯಾಲಯ ಈ ಕೋರ್ಸು ತೆರೆಯಿತು. ಎಲ್ಲಿ ಹೋದರೂ ಇದರ ಬೆನ್ನೆಲುಬು ಫೀಲ್ಡ್ ವರ್ಕ್. ವಾರದಲ್ಲಿ ಎರಡು ದಿನ ವಿದ್ಯಾರ್ಥಿ ಆಸ್ಪತ್ರೆಗೋ ಹಳ್ಳಿಗೋ ಕಾರ್ಖಾನೆಗೋ ಬಾಲಮಂದಿರಕ್ಕೋ ಹೋಗಬೇಕು. ನೋಡಿದ್ದನ್ನು, ಮಾತಾಡಿದ್ದನ್ನು, ತಾನು ತಪ್ಪಿದ್ದನ್ನು ಬರೆಯಬೇಕು. ಪ್ರತಿ ವಾರ ಮೇಷ್ಟ್ರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಅದನ್ನು ಓದಿ ಮಾತಾಡಬೇಕು. ಇದನ್ನು ನಾವು ಐ.ಸಿ. ಎನ್ನುತ್ತೇವೆ, ಅಂದರೆ ಒಬ್ಬೊಬ್ಬರೊಂದಿಗಿನ ಸಮಾಲೋಚನೆ. ಕೇಸ್‌ವರ್ಕಿನ ಸಿದ್ಧಾಂತವನ್ನು ಯಾರು ಬೇಕಾದರೂ ನೋಟ್ಸ್ ನೋಡಿ ಹೇಳಿಬಿಡಬಹುದು. ಕುಡಿದು ಬಂದ ಗಂಡನ ಎದುರು ಕೂತು ಹೆಂಡತಿಯ ಮಾತು ಕೇಳುವುದು ಹೇಗೆ ಎಂಬುದು ಐ.ಸಿ.ಯಲ್ಲಿ ಮಾತ್ರ ಕಲಿಯುವ ಸಂಗತಿ.

ಒಂದು ರಾತ್ರಿ ಒಂಬತ್ತು ಗಂಟೆಗೆ ಮೊದಲ ವರ್ಷದ ಹುಡುಗಿ ಫೋನ್ ಮಾಡಿದಳು. ಅವಳು ಹೋಗುತ್ತಿದ್ದ ಹಳ್ಳಿಯಲ್ಲಿ ಹತ್ತನೇ ಕ್ಲಾಸಿನ ಹುಡುಗಿಗೆ ಮದುವೆ ಗೊತ್ತಾಗಿದೆ, ಭಾನುವಾರ ಶಾಸ್ತ್ರ. "ಮೇಡಂ, ನಾನ್ ಹೇಳಿದ್ದು ಅಂತ ಗೊತ್ತಾದ್ರೆ ಆ ಊರಿಗೆ ನನ್ನ ಮತ್ತೆ ಬಿಟ್ಕೊಳಲ್ಲ." 1098ಕ್ಕೆ ಮಾಡುವುದೋ, ಮೊದಲು ಅಂಗನವಾಡಿ ಕಾರ್ಯಕರ್ತೆಯ ಹತ್ತಿರ ಮಾತಾಡುವುದೋ, ತಾಯಿಯನ್ನು ಕಾಣುವುದೋ? ಹನ್ನೊಂದೂವರೆವರೆಗೆ ಮಾತಾಡಿದೆವು. ಮದುವೆ ನಿಂತಿತು. ಊರವರು ಆರು ತಿಂಗಳು ಅವಳ ಜೊತೆ ಮಾತು ಬಿಟ್ಟರು. ಅದನ್ನು ತಾಳಿಕೊಳ್ಳುವುದು ಹೇಗೆ ಎಂಬುದಕ್ಕೂ ಐ.ಸಿ. ಬೇಕಾಯಿತು. ಒಂದಲ್ಲ, ಏಳೆಂಟು.

ತಿಂಗಳ ಕೊನೆಗೆ ನಾನು ತುಂಬುವ ಬಿಲ್ಲಿನಲ್ಲಿ ನಾಲ್ಕು ಕಾಲಂ ಇವೆ: ದಿನಾಂಕ, ತರಗತಿ, ವಿಷಯ, ಅವಧಿ. ಮೊದಲ ವರ್ಷ ತಿಳಿಯದೆ 'ಐ.ಸಿ., 6 ವಿದ್ಯಾರ್ಥಿಗಳು, 3 ಗಂಟೆ' ಎಂದು ಬರೆದಿದ್ದೆ. ಕೆಂಪು ಗೆರೆ ಹೊಡೆದು ವಾಪಸ್ ಬಂತು. ಕಚೇರಿಯವರು ಕೆಟ್ಟವರೇನಲ್ಲ. "ಮೇಡಂ, ವೇಳಾಪಟ್ಟಿಯಲ್ಲಿ ಇಲ್ಲದ್ದನ್ನ ಆಡಿಟ್‌ನವರು ಒಪ್ಪಲ್ಲ" ಎಂದರು. ವೇಳಾಪಟ್ಟಿಯಲ್ಲಿ ಹಾಕಿ ಎಂದೆ. ಹಾಕಿದರೆ ವರ್ಕ್‌ಲೋಡ್ ಜಾಸ್ತಿಯಾಗುತ್ತದೆ, ಇನ್ನೊಬ್ಬರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದರು. ಅಂದರೆ ಕೆಲಸ ಇದೆ ಎಂದು ಒಪ್ಪಿಕೊಂಡರೆ ಕೆಲಸಗಾರರು ಬೇಕಾಗುತ್ತಾರೆ, ಆದ್ದರಿಂದ ಕೆಲಸವೇ ಇಲ್ಲ. ಪಠ್ಯಕ್ರಮದಲ್ಲಿ ಫೀಲ್ಡ್ ವರ್ಕಿಗೆ ಕ್ರೆಡಿಟ್ ಇದೆ, ಅಂಕ ಇದೆ, ವೈವಾ ಇದೆ. ಅದನ್ನು ಕಲಿಸುವವರ ಲೆಕ್ಕದಲ್ಲಿ ಮಾತ್ರ ಅದಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಇದರಿಂದ ಏನಾಗುತ್ತದೆ? ವಾರಕ್ಕೆ ಎರಡು ಕಡೆ ಪಾಠ ಮಾಡಿದರೆ ಮಾತ್ರ ಬಾಡಿಗೆ ಕಟ್ಟಬಲ್ಲ ಮೇಷ್ಟ್ರು ಐ.ಸಿ.ಗೆ ಕೂರುವುದಿಲ್ಲ. ವಿದ್ಯಾರ್ಥಿಗಳಿಗೆ ಇದು ಬೇಗ ಗೊತ್ತಾಗುತ್ತದೆ. ಸಂಸ್ಥೆಗೆ ಹೋಗಿ ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡು, ಹನ್ನೊಂದಕ್ಕೆಲ್ಲ ಬಸ್ ಹತ್ತುತ್ತಾರೆ. ರೆಕಾರ್ಡನ್ನು ಸೀನಿಯರ್‌ಗಳ ಪುಸ್ತಕ ನೋಡಿ ಬರೆಯುತ್ತಾರೆ. ಹೆಸರು, ಊರು ಬದಲಾಗುತ್ತದೆ, ಕಣ್ಣೀರು ಅದೇ ಇರುತ್ತದೆ. ಮೂರು ವರ್ಷದ ಹಿಂದೆ, ಸೆಮಿಸ್ಟರಿನ ಕೊನೆಯ ದಿನ, ನಾನು ಮೂವತ್ತು ರೆಕಾರ್ಡುಗಳಿಗೆ ಒಂದೇ ಮಧ್ಯಾಹ್ನ ಸಹಿ ಹಾಕಿದ್ದೇನೆ. ಓದಲಿಲ್ಲ. ಅದರಲ್ಲಿ ಯಾವುದಾದರೂ ಒಂದರಲ್ಲಿ ಇನ್ನೊಂದು ಭಾನುವಾರದ ಶಾಸ್ತ್ರ ಇತ್ತೋ ಏನೋ.

ಕಾನೂನು ಪಾಠವಂತೂ ತಮಾಷೆ. ಕಾರ್ಮಿಕ ಕಲ್ಯಾಣದ ಪೇಪರಿನಲ್ಲಿ 1978ರ ಬೆಂಗಳೂರು ಜಲಮಂಡಳಿ ತೀರ್ಪನ್ನು ಕಲಿಸುತ್ತೇನೆ. ಶಿಕ್ಷಣ ಸಂಸ್ಥೆಯೂ 'ಉದ್ಯಮ'ವೇ ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ಮುಂದಿನ ವಾರ 1988ರ ಸುಂದರಾಂಬಾಳ್ ಪ್ರಕರಣ. ಅದೇ ಕೋರ್ಟು, ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಶಿಕ್ಷಕರು 'ಕಾರ್ಮಿಕ'ರಲ್ಲ ಎಂದಿತು. ಹಾಗಾದರೆ ನಾನು ಕೆಲಸ ಮಾಡುವ ಜಾಗ ಉದ್ಯಮ, ನಾನು ಮಾತ್ರ ಕೆಲಸಗಾರಳಲ್ಲ. ಹಿಂದಿನ ಬೆಂಚಿನಿಂದ ನಗು ಬರುತ್ತದೆ, ನಾನೂ ನಗುತ್ತೇನೆ. 1961ರ ಹೆರಿಗೆ ಸೌಲಭ್ಯ ಕಾಯ್ದೆ, 2017ರ ತಿದ್ದುಪಡಿಯಿಂದ ಇಪ್ಪತ್ತಾರು ವಾರ ಎಂದು ಬೋರ್ಡಿನ ಮೇಲೆ ಬರೆಯುವಾಗ ಮಾತ್ರ ನಗು ಬರುವುದಿಲ್ಲ. ನನ್ನ ಮಗಳು ಎರಡು ಸೆಮಿಸ್ಟರುಗಳ ನಡುವಿನ ಬಿಡುವಿನಲ್ಲಿ ಹುಟ್ಟಿದಳು. 'ಎಷ್ಟು ಅನುಕೂಲ ಆಯ್ತು ನೋಡಿ' ಎಂದವರಿದ್ದಾರೆ. ಅವಳಿಗೆ ಐವತ್ತೆರಡು ದಿನ ತುಂಬಿದಾಗ ಹೊಸ ಆದೇಶ ಬಂತು. ಹೋಗಿ ಛಾಪಾ ಕಾಗದದ ಮೇಲೆ 'ಮುಂದೆ ಯಾವುದೇ ಹಕ್ಕು ಮಂಡಿಸುವುದಿಲ್ಲ' ಎಂದು ಬರೆದುಕೊಟ್ಟು ಬಂದೆ.

ನಿಯಮಗಳೇ ಇಲ್ಲ ಎಂದುಕೊಳ್ಳಬೇಡಿ. ಯುಜಿಸಿಯ 2018ರ ನಿಯಮಾವಳಿ, ಗುತ್ತಿಗೆ ಶಿಕ್ಷಕರು ಒಟ್ಟು ಬೋಧಕ ಹುದ್ದೆಗಳ ಶೇ 10ನ್ನು ಮೀರಬಾರದು ಎಂದಿದೆ. ಅವರ ಸಂಬಳ ಕಾಯಂ ಸಹಾಯಕ ಪ್ರಾಧ್ಯಾಪಕರ ತಿಂಗಳ ಒಟ್ಟು ಸಂಬಳಕ್ಕಿಂತ ಕಡಿಮೆ ಇರಬಾರದು ಎಂದೂ ಇದೆ. ಅತಿಥಿ ಉಪನ್ಯಾಸಕರಿಗೆ ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ಎಂದು 2019ರಲ್ಲಿ ಅದೇ ಯುಜಿಸಿ ಹೇಳಿತು. ವಿಶ್ವವಿದ್ಯಾಲಯಗಳು ಜಾಣತನದಿಂದ 'ಗುತ್ತಿಗೆ' ಎಂಬ ಪದವನ್ನೇ ಕೈಬಿಟ್ಟು ನಮ್ಮನ್ನು 'ಅತಿಥಿ' ಎಂದವು. ಅತಿಥಿ ಎಂದ ಮೇಲೆ ಸಂಬಳ ಎನ್ನುವಂತಿಲ್ಲ, 'ಗೌರವಧನ'. ಮನೆಗೆ ಬಂದ ನೆಂಟರನ್ನು ಒಂಬತ್ತು ವರ್ಷ ಮುಸುರೆ ತಿಕ್ಕಲು ಕೂರಿಸುವ ಊರು ಯಾವುದು? ಇನ್ನು 2025ರ ಜನವರಿಯಲ್ಲಿ ಬಂದ ಯುಜಿಸಿ ಕರಡು ಆ ಶೇ 10ರ ಮಿತಿಯನ್ನೇ ಕೈಬಿಟ್ಟಿತು. ಒಡೆದ ಬೇಲಿಯನ್ನು ರಿಪೇರಿ ಮಾಡುವ ಬದಲು ಕಿತ್ತುಹಾಕುವ ಉಪಾಯ.

2024ರ ಜನವರಿ 1ರಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಇದೇ ಊರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಪಾದಯಾತ್ರೆ ಹೊರಟರು. ಸೇವೆ ಕಾಯಂ ಮಾಡಿ ಎಂಬುದು ಬೇಡಿಕೆ. ನಾವು ವಿಶ್ವವಿದ್ಯಾಲಯದ ಅತಿಥಿಗಳು, ನಮ್ಮ ಬಿಲ್ಲು ಬೇರೆ, ಇಲಾಖೆ ಬೇರೆ. ಆದರೂ ಕ್ಯಾತ್ಸಂದ್ರದವರೆಗೆ ಹೋಗಿ ನಿಂತು ನೋಡಿದೆ. ನಡೆಯಲಿಲ್ಲ. ಮರುದಿನ ತರಗತಿ ಇತ್ತು, ತಪ್ಪಿದರೆ ದುಡ್ಡಿಲ್ಲ. 'ಸಾಮಾಜಿಕ ಕ್ರಿಯೆ' ಎಂಬ ಘಟಕವನ್ನು ಪ್ರತಿ ವರ್ಷ ಹದಿನಾಲ್ಕು ಗಂಟೆ ಕಲಿಸುವವಳು ರಸ್ತೆ ಬದಿಯಲ್ಲಿ ನಿಂತು ಕೈಬೀಸಿ ವಾಪಸ್ ಬಂದಳು.

ಇನ್ನು ನನ್ನ ಸಹೋದ್ಯೋಗಿಗಳಿಗೇ ಹಿಡಿಸದ ಮಾತೊಂದಿದೆ. ನಮ್ಮೆಲ್ಲರನ್ನೂ ಇದ್ದ ಹಾಗೇ ಕಾಯಂ ಮಾಡಿ ಎಂಬ ಕೂಗಿಗೆ ನನ್ನ ದನಿ ಇಲ್ಲ. ಉಮಾದೇವಿ ಪ್ರಕರಣ ಹೋದದ್ದೇ ಕರ್ನಾಟಕದಿಂದ. ತಾತ್ಕಾಲಿಕ ನೌಕರರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದು 2006ರಲ್ಲಿ ಸಂವಿಧಾನ ಪೀಠ ಹೇಳಿತು. ಅದರ ಹೆಸರು ಹೇಳಿಯೇ ಇಪ್ಪತ್ತು ವರ್ಷದಿಂದ ಸರ್ಕಾರಗಳು ನಮ್ಮ ಬಾಯಿ ಮುಚ್ಚಿಸುತ್ತಿವೆ, ನಿಜ. ಆದರೆ ಆ ತೀರ್ಪಿನ ಹಿಂದಿರುವ ಪ್ರಶ್ನೆ ಸುಳ್ಳಲ್ಲ. ನನ್ನನ್ನು ಒಳಗೆ ತೆಗೆದುಕೊಂಡಾಗ ರೋಸ್ಟರ್ ಪಾಲಿಸಿದರೆ? ನನ್ನ ಹುದ್ದೆ ಯಾವ ದಲಿತ ಹುಡುಗಿಗೆ ಸೇರಬೇಕಿತ್ತು? ಸಮಾಜಕಾರ್ಯ ಕಲಿಸುವವರು ಇದನ್ನು ಕೇಳಿಕೊಳ್ಳದಿದ್ದರೆ ಇನ್ಯಾರು ಕೇಳಿಕೊಳ್ಳಬೇಕು? ಹುದ್ದೆಗಳನ್ನು ಬಹಿರಂಗವಾಗಿ ಕರೆಯಿರಿ, ಮೀಸಲಾತಿ ಪ್ರಕಾರ ತುಂಬಿ. ನಮ್ಮ ವರ್ಷಗಳಿಗೆ ಅಂಕ ಕೊಡಿ, ವಯಸ್ಸಿನಲ್ಲಿ ಸಡಿಲಿಕೆ ಕೊಡಿ. ಗೆದ್ದರೆ ಗೆಲ್ಲುತ್ತೇವೆ. ಅಲ್ಲಿಯವರೆಗೆ ಹನ್ನೆರಡು ತಿಂಗಳ ಸಂಬಳ, ಮತ್ತು ಫೀಲ್ಡ್ ವರ್ಕ್ ಕೂಡ ಕೆಲಸವೆಂಬ ಒಂದು ಸಾಲಿನ ಆದೇಶ. ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ, 2025ರ ಆಗಸ್ಟಿನಲ್ಲಿ, ಅರ್ಜಿದಾರರಿಗೆ ಆ ಹುದ್ದೆಯ ಕನಿಷ್ಠ ವೇತನ ಶ್ರೇಣಿ ಕೊಡಿ ಎಂದು ಸುಪ್ರೀಂ ಕೋರ್ಟೇ ಹೇಳಿದೆ. ವೇದಿಕೆಯ ಮೇಲೆ ಗುರುಬ್ರಹ್ಮ ಎನ್ನುತ್ತಿದ್ದರೆ ಸಾಲದು ಎಂಬ ಅರ್ಥದ ಮಾತೂ ಆ ತೀರ್ಪಿನಲ್ಲಿದೆ.

ಶಿಕ್ಷಕರ ದಿನಾಚರಣೆಗೆ ನನಗೆ ಮೂರು ಶಾಲು ಬಂದಿವೆ. ಮಗಳು ಅವುಗಳಲ್ಲಿ ಮನೆ ಕಟ್ಟಿ ಆಡುತ್ತಾಳೆ.

ಈಗ ಸೆಮಿಸ್ಟರ್ ಮುಗಿದಿದೆ, ಹೊಸ ಆದೇಶ ಬಂದಿಲ್ಲ. ಕಾಗದದ ಪ್ರಕಾರ ಇವತ್ತು ನಾನು ಯಾರ ಮೇಡಮ್ಮೂ ಅಲ್ಲ. ಆದರೂ ಹೋದ ಶುಕ್ರವಾರ ಇಬ್ಬರು ಹುಡುಗಿಯರು ರೆಕಾರ್ಡ್ ಹಿಡಿದು ಬಂದರು. ಶಿರಾ ಗೇಟಿನ ಬೇಕರಿಯ ಮುಂದೆ ನಿಂತು, ಬನ್ನು ಟೀ ತೆಗೆದುಕೊಂಡು, ಒಬ್ಬೊಬ್ಬರದಾಗಿ ಓದಿದೆವು. ಒಬ್ಬಳು ಬರೆದಿದ್ದ ಭೇಟಿಯನ್ನು ನಾನು ನಂಬಲಿಲ್ಲ. "ಹೋಗಿಲ್ಲ ಅಲ್ವಾ?" ಎಂದೆ. ತಲೆ ತಗ್ಗಿಸಿದಳು. "ನಾಳೆ ಹೋಗ್ತೀನಿ ಮೇಡಂ" ಎಂದಳು. ಒಂದು ಗಂಟೆ ಇಪ್ಪತ್ತು ನಿಮಿಷವಾಯಿತು. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಕಳೆದ ಸೆಮಿಸ್ಟರಿನಲ್ಲಿ ಹೀಗೆ ಬರೆದದ್ದು ಒಟ್ಟು 118 ಗಂಟೆ. ಈ ಸಲದ ಮೊದಲ ಬಿಲ್ಲಿನ ಜೊತೆ ಆ ಹಾಳೆಗಳನ್ನೂ ಪಿನ್ ಹೊಡೆದು ಕೊಡುತ್ತೇನೆ. ಕೆಂಪು ಗೆರೆ ಹೊಡೆಯುವವರು ಪ್ರತಿ ಸಾಲಿಗೂ ಹೊಡೆಯಬೇಕಾಗುತ್ತದೆ.