ಮನೆಯ ಯಂತ್ರಗಳು: ಹಳೆಯ ಕಾರಿನ ಸ್ಟಿಯರಿಂಗ್ ಚಕ್ರ

ಕಳೆದ ಸಂಚಿಕೆಯಲ್ಲಿ ಹೊಲಿಗೆಯ ಯಂತ್ರದ ವಿಚಾರ ಬರೆದ ಮೇಲೆ, ‘ನಮ್ಮ ಹಳೆಯ ಕಾರಿನ ಗತಿಯೇನು?’ ಎಂದು ಇಬ್ಬರು ಮೂವರು ವಾಚಕರು ವಿಚಾರಿಸಿದರು. ಹೈದರಾಬಾದಿನ ನಮ್ಮವರ ಮನೆಗಳ ಮುಂದೆ ಅಂಬಾಸಡರು, ಪದ್ಮಿನಿಗಳು ಅಲ್ಲೊಂದು ಇಲ್ಲೊಂದು ಇನ್ನೂ ಉಳಿದಿವೆ. ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಡರಿನ ತಯಾರಿಕೆ ೨೦೧೪ರಲ್ಲಿ ನಿಂತಿತು. ಮುಂಬಯಿಯ ಪದ್ಮಿನಿಯ ಕಥೆ ಅದಕ್ಕೂ ಮೊದಲೇ ಮುಗಿದಿತ್ತು. ಗಾಡಿ ಉಳಿಯಿತು, ಮಾಡುವವರು ಉಳಿಯಲಿಲ್ಲ.

ನಮ್ಮ ಸೋದರಮಾವನವರಲ್ಲಿ ಒಂದು ಪದ್ಮಿನಿ ಇದೆ. ಈ ಊರಿನ ಮೇ ತಿಂಗಳ ಬಿಸಿಲಿಗೆ ಅದರ ಸ್ಟಿಯರಿಂಗ್ ಚಕ್ರ ನಾಲ್ಕು ಕಡೆ ಬಿರುಕು ಬಿಟ್ಟಿತ್ತು. ಒಳಗಿರುವುದು ಉಕ್ಕಿನ ಬಳೆ, ಮೇಲಿರುವುದು ಗಟ್ಟಿ ಪ್ಲಾಸ್ಟಿಕ್ಕು. ಬಿಸಿಲಿಗೆ ಎರಡೂ ಒಂದೇ ಸಮನಾಗಿ ಹಿಗ್ಗುವುದಿಲ್ಲ. ಮಾವ ಅದಕ್ಕೆ ಬಟ್ಟೆ ಸುತ್ತಿಕೊಂಡು ಓಡಿಸುತ್ತಿದ್ದರು. ತಿರುವಿನಲ್ಲಿ ಬಟ್ಟೆ ಜಾರಿದರೆ ಕೈಯೂ ಜಾರುತ್ತದೆ; ಹಿಂದಿನ ಸೀಟಿನಲ್ಲಿ ಮೊಮ್ಮಕ್ಕಳು ಬೇರೆ! ಸಣ್ಣ ಬಿರುಕಾಗಿದ್ದರೆ ಎಪಾಕ್ಸಿ ತುಂಬಿ, ಉಜ್ಜಿ, ಬಣ್ಣ ಹಚ್ಚಿದರೆ ಸಾಕಿತ್ತು. ಇಲ್ಲಿ ಒಳಗಿನ ಉಕ್ಕೇ ತುಕ್ಕು ಹಿಡಿದಿತ್ತು.

ಮಾವನ ಮಗನಿಗೆ ಚರ್ಮದ ಹೊದಿಕೆಯ, ಪಂದ್ಯದ ಗಾಡಿಗಳಲ್ಲಿರುವಂಥ ಪುಟ್ಟ ಚಕ್ರ ಬೇಕಿತ್ತು. ನಾನು ಬೇಡವೆಂದೆ. ಪದ್ಮಿನಿಯಲ್ಲಿ ಪವರ್ ಸ್ಟಿಯರಿಂಗ್ ಇಲ್ಲ. ಚಕ್ರ ಚಿಕ್ಕದಾದಷ್ಟೂ ತೋಳಿಗೆ ಶ್ರಮ ಹೆಚ್ಚು. ಕಾಚಿಗುಡದ ಗಲ್ಲಿಯಲ್ಲಿ ಗಾಡಿಯನ್ನು ಹಿಂದೆಮುಂದೆ ಮಾಡಬೇಕಾದವರು ಎಪ್ಪತ್ತು ದಾಟಿದ ಮಾವ, ಮಗನಲ್ಲ. ಕೊನೆಗೆ ಅದೇ ಅಳತೆಯ ಹಳೆಯ ಚಕ್ರವೊಂದನ್ನು ಹುಡುಕಿ ತಂದದ್ದಾಯಿತು. ಕೊಳ್ಳುವಾಗ ಬಿಚ್ಚಿದ ಹಳೆಯ ಚಕ್ರವನ್ನೇ ಅಂಗಡಿಗೆ ಒಯ್ಯತಕ್ಕದ್ದು. ನಡುವಿನ ತೂತಿನೊಳಗಿನ ಹಲ್ಲುಗಳು ಹೊಂದಬೇಕು. ಅಂಬಾಸಡರಿನದು ಪದ್ಮಿನಿಗೆ ಕೂಡುವುದಿಲ್ಲ.

ಇನ್ನು ಬಿಚ್ಚುವ ಕ್ರಮ. ಗಾಡಿಯನ್ನು ನೆಟ್ಟಗೆ ನಾಲ್ಕು ಮಾರು ನಡೆಸಿ, ಮುಂದಿನ ಗಾಲಿಗಳು ನೇರವಿರುವಂತೆ ನಿಲ್ಲಿಸಿರಿ. ಬ್ಯಾಟರಿಯ ತಂತಿ ಕಳಚಿರಿ. ಇಲ್ಲವಾದರೆ ಹಾರ್ನ್ ಕೂಗಿ ಓಣಿಯವರನ್ನೆಲ್ಲ ಕರೆಯುತ್ತದೆ. ಹಾರ್ನಿನ ಗುಂಡಿಯನ್ನು ತೆಗೆಯುವಾಗ ಸ್ಪ್ರಿಂಗು, ಬಿಲ್ಲೆಗಳು ಯಾವ ಸಾಲಿನಲ್ಲಿ ಬಂದವೋ ಅದೇ ಸಾಲಿನಲ್ಲಿ ಒಂದು ತಟ್ಟೆಯಲ್ಲಿಡಿರಿ. ಒಳಗೆ ದೊಡ್ಡದೊಂದು ನಟ್ಟು ಕಾಣುತ್ತದೆ. ಅದನ್ನು ಮುಟ್ಟುವ ಮೊದಲು ದಂಡದ ಮೇಲೂ ಚಕ್ರದ ಮೇಲೂ ಸೇರುವಂತೆ ಬಣ್ಣದಿಂದ ಒಂದು ಗೆರೆ ಎಳೆಯಿರಿ.

ನಟ್ಟನ್ನು ಸಡಿಲಿಸಿರಿ, ಆದರೆ ಪೂರ್ತಿ ತೆಗೆಯಬೇಡಿರಿ. ಎರಡು ಮೂರು ಸುತ್ತು ಉಳಿದಿರಲಿ. ವರ್ಷಗಟ್ಟಲೆ ಬಿಗಿದು ಕುಳಿತ ಚಕ್ರ ಫಕ್ಕನೆ ಕಳಚಿದರೆ ಎಳೆಯುವವನ ಮುಖಕ್ಕೇ ಬರುತ್ತದೆ; ಆ ನಟ್ಟು ತಡೆಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರೆ ಒಳ್ಳೆಯದು. ಎಳೆಯಲು ಪುಲ್ಲರ್ ಬೇಕು. ಮಿಸ್ತ್ರಿಗಳ ಬಳಿ ಬಾಡಿಗೆಗೂ ಸಿಕ್ಕೀತು. ದಂಡದ ತುದಿಗೆ ಸುತ್ತಿಗೆಯ ಏಟು ಮಾತ್ರ ಕೂಡದು. ತುದಿ ಅರಳಿ ಮರೆ ಕೆಡುತ್ತದೆ. ಪೆಟ್ಟು ದಂಡದುದ್ದಕ್ಕೂ ಇಳಿದು ಕೆಳಗಿನ ಸ್ಟಿಯರಿಂಗ್ ಬಾಕ್ಸಿನ ಬೇರಿಂಗುಗಳನ್ನು ತಾಗುತ್ತದೆ.

ನಮಗೆ ನೆರವಾದ ವೃದ್ಧ ಮಿಸ್ತ್ರಿ ಪುಲ್ಲರಿನ ತಿರುಪು ಬಿಗಿಸುತ್ತ ‘ಹಲ್ಲು ಹಲ್ಲು’ ಎನ್ನುತ್ತಿದ್ದರು. ಇಲ್ಲಿಯ ದಖನಿಯಲ್ಲಿ ಅದಕ್ಕೆ ‘ನಿಧಾನ’ ಎಂದರ್ಥ. ಮಾವ ಕನ್ನಡಕ ಸರಿಪಡಿಸಿಕೊಂಡು ದಂಡದ ಹಲ್ಲುಗಳನ್ನು ಎಣಿಸತೊಡಗಿದರು!

ಕೂಡಿಸುವಾಗ ಆ ಹಲ್ಲುಗಳನ್ನು ನೋಡಲೂ ಬೇಕು. ಒಂದೇ ಹಲ್ಲು ಹೆಚ್ಚುಕಡಮೆಯಾದರೂ ಚಕ್ರ ಸೊಟ್ಟಗೆ ಕೂರುತ್ತದೆ. ಹಳೆಯ ಚಕ್ರದ ಗೆರೆಯನ್ನು ಅಳತೆ ನೋಡಿ ಹೊಸದರ ಮೇಲೆ ಎಳೆದುಕೊಂಡರೆ ತೊಂದರೆಯಿಲ್ಲ. ನಟ್ಟನ್ನು ತಯಾರಕರ ಕೈಪಿಡಿ ಹೇಳಿದಷ್ಟು ಬಲಕ್ಕೆ, ಬಲ ತೋರಿಸುವ ಟಾರ್ಕ್ ಪಾನಾದಿಂದಲೇ ಬಿಗಿಯತಕ್ಕದ್ದು. ಅಂದಾಜಿಗೆ ಬಿಟ್ಟುಬಿಡುವ ಕೆಲಸ ಇದಲ್ಲ. ಇಡೀ ಕುಟುಂಬ ಆ ಒಂದು ನಟ್ಟನ್ನು ನಂಬಿ ಕುಳಿತಿರುತ್ತದೆ.

ಇದೆಲ್ಲ ಹಳೆಯ ಗಾಡಿಗಳ ಮಾತು. ೨೦೧೯ರ ಜುಲೈಯಿಂದ ಹೊಸ ಕಾರುಗಳಲ್ಲಿ ಚಾಲಕನ ಮುಂದೆ ಏರ್‌ಬ್ಯಾಗ್ ಕಡ್ಡಾಯ. ಅದಕ್ಕೂ ಮೊದಲಿನ ಎಷ್ಟೋ ಕಾರುಗಳಲ್ಲೂ ಅದಿದೆ. ಅದಿರುವ ಚಕ್ರವನ್ನು ಮನೆಯಲ್ಲಿ ಮುಟ್ಟಲೇಬಾರದು, ಒಳಗೆ ಸಿಡಿಯುವ ಮದ್ದಿರುತ್ತದೆ.

ಕೂಡಿಸಿದ ಮೇಲೆ ಚಕ್ರವನ್ನು ಎರಡೂ ಕಡೆ ಕೊನೆಯತನಕ ತಿರುಗಿಸಿರಿ, ಎಲ್ಲಿಯೂ ತಾಗಬಾರದು. ಹಾರ್ನ್ ಕೂಗಬೇಕು, ತಿರುವು ಮುಗಿದೊಡನೆ ಇಂಡಿಕೇಟರ್ ತಾನಾಗಿ ಹಿಂದಿರುಗಬೇಕು. ಬಳಿಕ ಖಾಲಿ ಮೈದಾನದಲ್ಲಿ ಮೆಲ್ಲಗೆ ಓಡಿಸಿರಿ. ಗಾಡಿ ನೇರ ಹೋಗುವಾಗ ಚಕ್ರ ಸೊಟ್ಟಗಿದ್ದರೆ ಗೆರೆ ತಪ್ಪಿದೆಯೇ ನೋಡಿರಿ. ಗೆರೆ ಸರಿಯಾಗಿದ್ದೂ ಸೊಟ್ಟಗಿದ್ದರೆ ದೋಷ ಕೆಳಗಿನ ಟೈ ರಾಡುಗಳಲ್ಲಿ. ಚಕ್ರವನ್ನು ಒಂದು ಹಲ್ಲು ಸರಿಸಿ ಅದನ್ನು ಮುಚ್ಚದೆ ಅಲೈನ್‌ಮೆಂಟಿಗೆ ಒಯ್ಯಿರಿ.