ಶಾಲು ಹೊದಿಸಿದ ಮೇಲೆ ಚಿತ್ರ ಕೊಳ್ಳುವವರಾರು?

ಹೊರನಾಡಿನ ನಮ್ಮ ಕನ್ನಡ ಸಂಘಗಳು ಕವಿಗಳನ್ನು ಕರೆಸುತ್ತವೆ, ಗಾಯಕರನ್ನು ಹಾಡಿಸುತ್ತವೆ, ನಾಟಕಕ್ಕೆ ಮನೆಮನೆಗೆ ಹೋಗಿ ಟಿಕೆಟು ಮಾರುತ್ತವೆ. ಚಿತ್ರಕಲಾವಿದನ ಪಾಲಿಗೆ ಮಾತ್ರ ಅವು ಮೀಸಲಿಟ್ಟಿರುವುದು ಎರಡೇ ಕೆಲಸ. ರಾಜ್ಯೋತ್ಸವದ ವೇದಿಕೆಗೆ ಹಿಂಬದಿಯ ಪರದೆ ಬರೆಯುವುದು ಒಂದು, ಸ್ಮರಣ ಸಂಚಿಕೆಗೆ ಮುಖಪುಟ ರಚಿಸಿಕೊಡುವುದು ಇನ್ನೊಂದು. ಎರಡಕ್ಕೂ ಸಂಭಾವನೆಯ ಪ್ರಸ್ತಾಪ ಬರುವುದು ಅಪರೂಪ. ಹಾರ್ಮೋನಿಯಂ ನುಡಿಸುವವರಿಗೆ ಪ್ರಯಾಣದ ವೆಚ್ಚವನ್ನಾದರೂ ಕೊಡುವ ನಾವು, ಕುಂಚ ಹಿಡಿದವನಿಗೆ ಬಣ್ಣದ ಖರ್ಚನ್ನೂ ಕೇಳುವುದಿಲ್ಲ. ‘ನಮ್ಮ ಹುಡುಗನೇ ಅಲ್ಲವೇ’ ಎಂಬ ಅಭಿಮಾನದ ಮಾತೇ ಇಲ್ಲಿ ಲೆಕ್ಕ ತೀರಿಸುವ ಮಾತೂ ಆಗಿಬಿಡುತ್ತದೆ.

ಹೀಗೆ ಅಭಿಮಾನದಿಂದ ಹೇಳಿಕೊಳ್ಳುವ ಹೆಸರುಗಳಲ್ಲಿ ಕೆ. ಕೆ. ಹೆಬ್ಬಾರರದು ಮೊದಲನೆಯದು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿ, 1996ರಲ್ಲಿ ಮುಂಬಯಿಯಲ್ಲಿ ಕಣ್ಮುಚ್ಚಿದವರು. ಅವರಿಗೆ 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂದುದನ್ನು ನಮ್ಮ ಭಾಷಣಕಾರರು ತಪ್ಪದೆ ಉಲ್ಲೇಖಿಸುತ್ತಾರೆ. ಆದರೆ ಪ್ರಶಸ್ತಿ ಬರುವ ಹೊತ್ತಿಗೆ ಕಲಾವಿದನ ಬಾಳು ಬಹುಪಾಲು ದಡ ಸೇರಿರುತ್ತದೆ. ಅದಕ್ಕೆ ಮುಂಚಿನ ಹತ್ತಿಪ್ಪತ್ತು ವರ್ಷ ಅವನು ಹೇಗೆ ಬದುಕಿದ, ಯಾರು ಅವನ ಚಿತ್ರ ಕೊಂಡರು ಎಂಬುದು ಕೇಳಬೇಕಾದ ಪ್ರಶ್ನೆ.

ಹೆಬ್ಬಾರರು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕೆಲಕಾಲ ಕಲಿತು ಮುಂಬಯಿಗೆ ಬಂದರು. ಜೆ. ಜೆ. ಕಲಾಶಾಲೆಯಲ್ಲಿ ಅಭ್ಯಾಸ ಮುಗಿಸಿ, ನಲವತ್ತರ ದಶಕದ ಪೂರ್ವಾರ್ಧದಲ್ಲಿ ಅಲ್ಲಿಯೇ ಅಧ್ಯಾಪಕರಾದರು. ತರುವಾಯ 1949-50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯಾನಿನಲ್ಲಿ ಕಲಿತು ಬಂದರು. ಶಾಲೆಯ ಪಾಶ್ಚಾತ್ಯ ಶಿಸ್ತು ಕೈಗೆ ಹತ್ತಿದ ಮೇಲೂ ಅವರಿಗೆ ತೃಪ್ತಿಯಿರಲಿಲ್ಲ. ಅಜಂತೆಯ ಭಿತ್ತಿಚಿತ್ರ, ಜೈನ ಹಸ್ತಪ್ರತಿಗಳ ಚಿತ್ರ, ಅಮೃತಾ ಶೇರ್‌ಗಿಲ್ಲರ ಕೃತಿಗಳು, ಇವೆಲ್ಲವನ್ನೂ ಅರಗಿಸಿಕೊಂಡು ತಮ್ಮ ದಾರಿಯನ್ನು ಅರಸಿದರು. ಲಯವೆಂದರೇನೆಂದು ಮೈಯಿಂದಲೇ ಅರಿಯಬೇಕೆಂದು ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ಅವರ ರೇಖಾಚಿತ್ರಗಳ ಸಂಪುಟಕ್ಕೆ ‘ದಿ ಸಿಂಗಿಂಗ್ ಲೈನ್’ ಎಂಬ ಹೆಸರು ಬಂದದ್ದು ಅನ್ವರ್ಥವೇ ಸರಿ. ಕಾಗದದಿಂದ ಕೈಯೆತ್ತದೆ ಎಳೆದಂತೆ ತೋರುವ ಆ ಒಂದೊಂದು ಗೆರೆಯಲ್ಲಿ ನರ್ತಕಿಯ ಭಾರ ಯಾವ ಕಾಲಿನ ಮೇಲಿದೆ ಎಂಬುದು ಸಹ ತಿಳಿಯುತ್ತದೆ. ಯಕ್ಷಗಾನದ ನಾಡಿನಿಂದ ಬಂದವರ ಕಣ್ಣು ಅದು ಎಂದು ನನಗೆ ಅನಿಸುತ್ತದೆ.

ಇಷ್ಟು ಪ್ರತಿಭೆಯ ಮಾತಾಯಿತು. ಪ್ರತಿಭೆ ವೃತ್ತಿಯಾಗಬೇಕಾದರೆ ಊರಿನ ನೆರವೂ ಬೇಕು. ಅಂದಿನ ಮುಂಬಯಿಯಲ್ಲಿ ಚಿತ್ರಗಳನ್ನು ನೋಡಿ, ಮೆಚ್ಚಿ, ಹಣ ಕೊಟ್ಟು ಕೊಳ್ಳುವ ಒಂದು ಸಣ್ಣ ಸಮುದಾಯ ಬೆಳೆಯುತ್ತಿತ್ತು. ನಾಜಿಗಳಿಂದ ತಪ್ಪಿಸಿಕೊಂಡು ಬಂದ ವಾಲ್ಟರ್ ಲ್ಯಾಂಗ್‌ಹ್ಯಾಮರ್, ಎಮ್ಯಾನುಯೆಲ್ ಶ್ಲೆಸಿಂಜರ್ ಮೊದಲಾದವರು ತರುಣ ಕಲಾವಿದರ ಬೆನ್ನಿಗೆ ನಿಂತರು. ವಿಜ್ಞಾನಿ ಹೋಮಿ ಭಾಭಾ ಸ್ವತಃ ಚಿತ್ರ ಬರೆಯುತ್ತಿದ್ದವರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋಡೆಗಳಿಗೆ ಸಮಕಾಲೀನ ಭಾರತೀಯ ಕೃತಿಗಳನ್ನು ಕೊಳ್ಳುತ್ತ ಹೋದರು. ಆ ಸಂಗ್ರಹದಲ್ಲಿ ಹೆಬ್ಬಾರರೂ ಇದ್ದಾರೆ. ಪರಮಾಣುವಿನ ಗಣಿತ ಮಾಡುವವರಿಗೆ ಚಿತ್ರವೇಕೆ ಎಂದು ಅಲ್ಲಿ ಭಾಭಾ ಕೇಳಲಿಲ್ಲ. ನಮ್ಮಲ್ಲಿ ಭಾಷೆ-ಸಂಸ್ಕೃತಿಗೆಂದೇ ಹುಟ್ಟಿದ ಸಂಘಗಳು ಕೇಳುತ್ತಿವೆ.

ಇನ್ನೂ ಮುಖ್ಯವಾದ ಸಂಗತಿಯೊಂದಿದೆ. 1952ರಲ್ಲಿ ತೆರೆದ ಜಹಾಂಗೀರ್ ಕಲಾ ಗ್ಯಾಲರಿ ಸರ್ ಕಾವಸ್‌ಜಿ ಜಹಾಂಗೀರರ ದಾನದಿಂದ ಎದ್ದಿತು. ಅದಕ್ಕಾಗಿ ಒತ್ತಾಯಿಸಿದವರಲ್ಲಿ ಭಾಭಾ ಅವರೊಡನೆ ಹೆಬ್ಬಾರರೂ ಇದ್ದರು. ಕಾಲಾಘೋಡಾದ ಆ ಕಟ್ಟಡದ ಮುಂದೆ ದಿನವೂ ಕಚೇರಿಗೆ ಹಾದುಹೋಗುವ ಎಷ್ಟೋ ಕನ್ನಡಿಗರಿಗೆ ಇದು ತಿಳಿದಿಲ್ಲ. ತನ್ನ ಚಿತ್ರ ಮಾರಾಟವಾದರೆ ಸಾಕೆಂದು ಸುಮ್ಮನಿರದೆ, ಮುಂದೆ ಬರುವವರಿಗೂ ಒಂದು ಗೋಡೆ ಇರಲಿ ಎಂದು ಬಯಸಿದವರು ಅವರು. ಇಂದು ಅಲ್ಲಿ ಒಂದು ವಾರದ ಅವಕಾಶಕ್ಕೆ ವರ್ಷಗಟ್ಟಲೆ ಕಾಯಬೇಕು. ಬಾಡಿಗೆ, ಚೌಕಟ್ಟು, ಸಾಗಣೆ, ಆಮಂತ್ರಣ ಪತ್ರಿಕೆ ಎಲ್ಲವನ್ನೂ ಕಲಾವಿದನೇ ಹೊರಬೇಕು. ನಮ್ಮ ಸಂಘಗಳ ಸಭಾಂಗಣಗಳೋ ವಾರದ ಐದು ದಿನ ಬೀಗ ಹಾಕಿಕೊಂಡಿರುತ್ತವೆ.

ಚಿತ್ರಗಳು ಶ್ರೀಮಂತರ ವಸ್ತು, ಹರಾಜಿನಲ್ಲಿ ಕೋಟಿಗಳ ಮಾತು, ಸಂಬಳದ ಜನ ನಾವೇನು ಮಾಡಲು ಸಾಧ್ಯ ಎಂಬ ಆಕ್ಷೇಪ ಬರುವುದುಂಟು. ಹರಾಜಿನ ಆ ಕೋಟಿ ಬಹುಮಟ್ಟಿಗೆ ಕಲಾವಿದನ ಕೈಗೆ ಬರುವುದೇ ಇಲ್ಲ. ಎಂದೋ ಕಡಿಮೆಗೆ ಕೊಂಡವನಿಗೆ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯಿಂದ ಸೇರಿದ 53ಎ ಕಲಮು ಇದನ್ನು ತಕ್ಕಮಟ್ಟಿಗೆ ಸರಿಪಡಿಸಲು ಯತ್ನಿಸಿದೆ. ಮೂಲ ಚಿತ್ರವೊಂದರ ಮರುಮಾರಾಟದ ಬೆಲೆ 10,000 ರೂಪಾಯಿ ಮೀರಿದರೆ, ಶೇಕಡಾ 10ನ್ನು ಮೀರದ ಒಂದು ಪಾಲು ಕಲಾವಿದನಿಗೆ ಅಥವಾ ಅವನ ವಾರಸುದಾರರಿಗೆ ಸಲ್ಲಬೇಕು. ಕಾಯಿದೆಯ ಪುಸ್ತಕದಲ್ಲಿ ಇಂಥ ಒಳ್ಳೆಯ ಸಾಲುಗಳು ಹಲವಿವೆ. ಅವನ್ನು ಕಲಾವಿದರ ಮನೆಗಳಿಗೆ ಓದಿ ಹೇಳುವ ವಕೀಲರು ನಮ್ಮ ಸಂಘಗಳ ಸದಸ್ಯರಲ್ಲೇ ಸಾಕಷ್ಟು ಮಂದಿ ಇದ್ದಾರೆ.

ಆದರೆ ಹರಾಜಿನ ಚಿತ್ರವನ್ನು ಕೊಳ್ಳಿರೆಂದು ಯಾರೂ ನಮ್ಮನ್ನು ಕೇಳುತ್ತಿಲ್ಲ. ತರುಣ ಕಲಾವಿದರ ರೇಖಾಚಿತ್ರಗಳಿವೆ. ಎಚಿಂಗ್, ಲಿಥೋಗ್ರಾಫ್ ಮೊದಲಾದ ಅಚ್ಚಿನ ಕೃತಿಗಳಿವೆ. ಕಲಾವಿದ ತಗಡನ್ನೋ ಕಲ್ಲನ್ನೋ ತಾನೇ ಸಿದ್ಧಪಡಿಸಿ, ಎಣಿಸಿದಷ್ಟೇ ಪ್ರತಿ ತೆಗೆದು, ಒಂದೊಂದಕ್ಕೂ ಸಂಖ್ಯೆ ಹಾಕಿ ಸಹಿ ಮಾಡುತ್ತಾನೆ. ಪ್ರತಿಗಳು ಹಲವಾದ್ದರಿಂದ ಬೆಲೆ ಹಗುರ, ಆದರೂ ಪ್ರತಿಯೊಂದೂ ಮೂಲಕೃತಿಯೇ. ಒಂದು ಸನ್ಮಾನದ ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯ ಸ್ಮರಣಿಕೆ ಇಷ್ಟರ ಲೆಕ್ಕ ಹಾಕಿದರೆ ಅಂಥದೊಂದು ಪ್ರತಿಯನ್ನು ಕೊಳ್ಳಬಹುದು. ಸ್ಮರಣಿಕೆಯನ್ನು ಆ ಕಲಾವಿದ ಎಲ್ಲಿಡುತ್ತಾನೆ ಎಂಬುದನ್ನು ಅವನ ಒಂದು ಕೋಣೆಯ ಮನೆ ನೋಡಿದವರೇ ಬಲ್ಲರು.

ಸರ್ಕಾರವನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ, ಅದರ ಒಳಗಿರುವ ನನ್ನಂಥವರಿಗೆ ಇನ್ನೂ ಸುಲಭ. ನಾನು ಕೆಲಸ ಮಾಡಿದ ಕಚೇರಿಯೊಂದರಲ್ಲಿ ಸ್ವಾಗತ ಕೋಣೆಗೆಂದು ಕೊಂಡ ಒಂದು ತೈಲಚಿತ್ರ ದಾಸ್ತಾನು ಪುಸ್ತಕದಲ್ಲಿ ಪರದೆ, ಜಮಖಾನೆಗಳ ನಡುವೆ ‘ಚೌಕಟ್ಟು ಸಹಿತ ಚಿತ್ರ, ಒಂದು’ ಎಂದಷ್ಟೇ ದಾಖಲಾಗಿತ್ತು. ಬರೆದವರ ಹೆಸರಿಲ್ಲ. ಅಧಿಕಾರಿ ಬದಲಾದಾಗ ಅದು ಉಗ್ರಾಣ ಸೇರಿತು. ಖರೀದಿಯ ವಿಧಿವಿಧಾನಗಳೆಲ್ಲ ಚಾಚೂ ತಪ್ಪದೆ ನಡೆದಿದ್ದವು; ನೋಡುವ ಕಣ್ಣಿಗೆ ಮಾತ್ರ ಯಾವ ನಿಯಮವೂ ಇರಲಿಲ್ಲ.

ಸಂಘಗಳಿಗೆ ಇಂಥ ಕಟ್ಟುಪಾಡುಗಳಿಲ್ಲ. ವರ್ಷಕ್ಕೆ ಒಂದು ಸನ್ಮಾನ ಕಡಿಮೆ ಮಾಡಿ, ಒಂದು ಕೃತಿ ಕೊಳ್ಳುವ ನಿರ್ಣಯವನ್ನು ಕಾರ್ಯಕಾರಿ ಸಮಿತಿ ಒಂದೇ ಸಭೆಯಲ್ಲಿ ಮಾಡಬಹುದು. ಬೀಗ ಹಾಕಿದ ಸಭಾಂಗಣವನ್ನು ವರ್ಷಕ್ಕೆರಡು ವಾರ ಬಾಡಿಗೆಯಿಲ್ಲದೆ ಚಿತ್ರ ಪ್ರದರ್ಶನಕ್ಕೆ ಬಿಡಬಹುದು. ಮುಖಪುಟಕ್ಕೆ, ವೇದಿಕೆಯ ಪರದೆಗೆ ಅಲ್ಪವಾದರೂ ಗೊತ್ತಾದ ಸಂಭಾವನೆ ಇರಲಿ. ಕೊಂಡ ಕೃತಿಗೆ ಕಲಾವಿದನಿಂದ ರಸೀದಿ ಪಡೆಯಿರಿ. ಅವನ ಹೆಸರು, ಕೃತಿಯ ಹೆಸರು, ವರ್ಷ, ಮಾಧ್ಯಮ, ಅಳತೆ ಇಷ್ಟನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಿ, ಕುರ್ಚಿ ಮೇಜುಗಳ ಪುಟದಲ್ಲಿ ಬೇಡ.